ರಕ್ತ ಕಮ್ಮಿ ಇದ್ದರೆ ಅದಕ್ಕೂ ಶುಗರ್ ಕಾರಣವೇ?

ಶುಗರ್ ಇರುವವರಿಗೆ ಒಂದು ವಿಚಿತ್ರ ತೊಂದರೆ ಇದೆ. ಮೈಯಲ್ಲಿ ಏನೇ ಆದರೂ ಅದಕ್ಕೊಂದು ಕಾರಣ ಮೊದಲೇ ಸಿದ್ಧವಾಗಿರುತ್ತದೆ. ತೂಕ ಇಳಿಯಿತೇ? ಶುಗರ್. ಸುಸ್ತೇ? ಶುಗರ್. ಭೇದಿ ಆದರೆ ಶುಗರ್‌ಗೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯೇ ಕಾರಣ. ಮೋಶನ್ ಸರಿಯಾಗಿ ಆಗದಿದ್ದರೆ ನರ ವೀಕ್. ರಕ್ತ ಕಮ್ಮಿ ಇದ್ದರೆ ಕಿಡ್ನಿ. ಮಲದಲ್ಲಿ ರಕ್ತ ಕಂಡಾಗ ಮಾತ್ರ ಶುಗರ್ ಬಚಾವ್. ಆಗ ಉಷ್ಣ, ಇಲ್ಲವೇ ಪೈಲ್ಸ್.

ಈ ಉತ್ತರಗಳು ಬಹಳ ಸಲ ಸರಿಯಾಗಿಯೇ ಇರುತ್ತವೆ. ಅದಕ್ಕೇ ಯಾರೂ ಮುಂದೆ ಕೇಳುವುದಿಲ್ಲ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದಾಗ ಕಾಣುವುದೂ ಇವೇ ಲಕ್ಷಣಗಳು.

"ಡಾಕ್ಟ್ರೇ, ಶುಗರ್ ಇದ್ದವರಿಗೆ ಕರುಳಿನ ಕ್ಯಾನ್ಸರ್ ಜಾಸ್ತಿಯಂತೆ, ಹೌದಾ?" ಜೀರ್ಣಾಂಗ ವೈದ್ಯನಾದ ನನ್ನನ್ನು ಹೀಗೆ ಕೇಳುವವರು ಈಗ ಹೆಚ್ಚಾಗಿದ್ದಾರೆ. ಹೌದು, ಸ್ವಲ್ಪ ಜಾಸ್ತಿ. ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಅಪಾಯ ಶೇಕಡಾ 20ರಿಂದ 30ರಷ್ಟು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಕೇಳಿದ ಕೂಡಲೇ ಗಾಬರಿಯಾಗುತ್ತದೆ, ಅಲ್ವಾ? ಲೆಕ್ಕ ಹೀಗೆ ನೋಡಿ. ಶುಗರ್ ಇಲ್ಲದ ಒಂದಷ್ಟು ಜನರಲ್ಲಿ 10 ಮಂದಿಗೆ ಈ ಕ್ಯಾನ್ಸರ್ ಬರುತ್ತದೆ ಎಂದಿಟ್ಟುಕೊಳ್ಳಿ. ಅಷ್ಟೇ ಜನ ಶುಗರ್ ಇರುವವರಲ್ಲಿ ಅದು 12 ಅಥವಾ 13 ಆಗುತ್ತದೆ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಅಮೆರಿಕ, ಯುರೋಪಿಗಿಂತ ಬಹಳ ಕಡಿಮೆ. ಹಾಗಾಗಿ ಒಬ್ಬೊಬ್ಬರ ಲೆಕ್ಕದಲ್ಲಿ ಇದು ಸಣ್ಣ ಹೆಚ್ಚಳ. ಆದರೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ಸಮೀಕ್ಷೆ 2023ರಲ್ಲಿ ಹೇಳಿತು. ಅಷ್ಟು ಜನರ ಮಧ್ಯೆ ಸಣ್ಣ ಹೆಚ್ಚಳವೂ ಸಣ್ಣದಾಗಿ ಉಳಿಯುವುದಿಲ್ಲ.

ಕಾರಣವೇನು? ಟೈಪ್ 2ರಲ್ಲಿ ದೇಹ ಇನ್ಸುಲಿನ್ ಮಾತಿಗೆ ಸರಿಯಾಗಿ ಬಗ್ಗುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ವರ್ಷಗಟ್ಟಲೆ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ. ಇನ್ಸುಲಿನ್ ಸಕ್ಕರೆ ಇಳಿಸುವುದಷ್ಟೇ ಅಲ್ಲ, ಜೀವಕೋಶಗಳನ್ನು ಬೆಳೆಯಲು ಹುರಿದುಂಬಿಸುತ್ತದೆ. ಬೆಳೆಗೆ ಹಾಕಿದ ಗೊಬ್ಬರ ಕಳೆಗೂ ಸಿಕ್ಕ ಹಾಗೆ. ಹೊಟ್ಟೆಯ ಬೊಜ್ಜು, ಕೂತೇ ಮಾಡುವ ಕೆಲಸ, ಸಿಗರೇಟು, ಕುಡಿತ ಎರಡೂ ಕಾಯಿಲೆಗೆ ದಾರಿ ಮಾಡಿಕೊಡುತ್ತವೆ. ಮೆಟ್‌ಫಾರ್ಮಿನ್ ಕ್ಯಾನ್ಸರ್ ತಡೆಯುತ್ತದೆ ಎಂಬ ವಾಟ್ಸಾಪ್ ಫಾರ್ವರ್ಡ್ ನನಗೂ ಬಂದಿದೆ. ಅದು ಇನ್ನೂ ಸಾಬೀತಾಗಿಲ್ಲ. ಶುಗರ್‌ಗೆ ತೆಗೆದುಕೊಳ್ಳಿ, ಅದನ್ನೇ ನಂಬಿ ಪರೀಕ್ಷೆ ಬಿಡಬೇಡಿ.

ಈಗ ತಪಾಸಣೆಯ ಮಾತು. ಇಂಗ್ಲೆಂಡಿನಲ್ಲಿ 50 ದಾಟಿದವರ ಮನೆಗೆ ಮಲ ಪರೀಕ್ಷೆಯ ಕಿಟ್ ಅಂಚೆಯಲ್ಲೇ ಬರುತ್ತದೆ. ಅಮೆರಿಕದಲ್ಲಿ 2021ರಿಂದ 45ಕ್ಕೇ ಶುರು ಮಾಡಲು ಹೇಳುತ್ತಾರೆ. ನಮ್ಮಲ್ಲಿ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಶುಗರ್, ಬಿಪಿ, ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಇದೆ. ಕರುಳಿನದು ಇಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ. ಕಾಯಿಲೆ ಕಡಿಮೆ ಇರುವಲ್ಲಿ ಎಲ್ಲರಿಗೂ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಹೊರಟರೆ ನಿಜವಾಗಿ ಬೇಕಾದವರ ಸರದಿ ಹಿಂದೆ ಬೀಳುತ್ತದೆ. ಆದರೆ ನಮ್ಮನ್ನು ಕರೆಯುವವರು ಯಾರೂ ಇಲ್ಲದಾಗ ನಾವೇ ಕೇಳಬೇಕು.

ನನ್ನ ಅಭಿಪ್ರಾಯ ಇಷ್ಟು. 45 ದಾಟಿದ, ಟೈಪ್ 2 ಶುಗರ್ ಇರುವ, ಹೊಟ್ಟೆಯ ತೊಂದರೆ ಏನೂ ಇಲ್ಲದವರು ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದ ತೋರಿಸುವಾಗ ಫಿಟ್ ಎಂಬ ಮಲ ಪರೀಕ್ಷೆಯ ಬಗ್ಗೆಯೂ ವೈದ್ಯರ ಹತ್ತಿರ ಮಾತಾಡಲಿ. ಇದು ಕಣ್ಣಿಗೆ ಕಾಣದಷ್ಟು ಕಡಿಮೆ ರಕ್ತವನ್ನೂ ಹಿಡಿಯುತ್ತದೆ. ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ ಹಿಂದಿನ ದಿನ ಮಾಂಸ, ಬೀಟ್‌ರೂಟ್ ತಿಂದಿದ್ದರೂ ತೊಂದರೆ ಇಲ್ಲ. ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದಲ್ಲ, ಕೊಲೊನೋಸ್ಕೋಪಿ ಮಾಡಿಸಿ ಎಂದರ್ಥ. ಕೆಲವರು ಇನ್ನೊಂದು ಲ್ಯಾಬ್‌ಗೆ ಹೋಗಿ ನೆಗೆಟಿವ್ ಬರುವ ತನಕ ಮಾಡಿಸುತ್ತಾರೆ. ಹಾಗೆ ಮಾಡಬೇಡಿ. ಗಡ್ಡೆಯಿಂದ ರಕ್ತ ದಿನಾ ಸೋರಬೇಕೆಂದೇನಿಲ್ಲ. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿದ್ದರೆ ಲೆಕ್ಕವೇ ಬೇರೆ. ನಿಮಗೆ 40 ಆದಾಗ, ಇಲ್ಲವೇ ಅವರಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಆಗ ನೇರ ಕೊಲೊನೋಸ್ಕೋಪಿ.

ಕರುಳಿನಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಎದ್ದು ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷ ಹಿಡಿಯುತ್ತದೆ. ಕೊಲೊನೋಸ್ಕೋಪಿಯಲ್ಲಿ ಕಂಡ ಪಾಲಿಪ್ ಅನ್ನು ಬಹುಪಾಲು ಅಲ್ಲೇ ತೆಗೆದುಬಿಡಬಹುದು. ಕ್ಯಾನ್ಸರ್ ಆಗುವ ಮೊದಲೇ ಹೀಗೆ ತಡೆಯುವ ಅವಕಾಶ ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಸಿಗುವುದಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡುವುದು ತಪಾಸಣೆಗಿಂತ ರಕ್ತಹೀನತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಿ ರಕ್ತ ಕಮ್ಮಿಯಾಗಬಹುದು. ಆಗ ಕೆಂಪು ಕಣಗಳು ದೊಡ್ಡದಾಗುತ್ತವೆ. ಕರುಳಿನಿಂದ ರಕ್ತ ಸೋರುತ್ತಿದ್ದರೆ ಕಬ್ಬಿಣ ಖಾಲಿಯಾಗಿ ಕಣಗಳು ಚಿಕ್ಕದಾಗುತ್ತವೆ. ಸಾಮಾನ್ಯ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಎಂಸಿವಿ ಎಂಬ ಸಾಲು ಇದನ್ನೇ ಹೇಳುತ್ತದೆ. ಎರಡೂ ಕೊರತೆ ಒಟ್ಟಿಗೆ ಇದ್ದರೆ ಅದು ನಾರ್ಮಲ್ ಎಂದೇ ತೋರಿಸಬಹುದು. ಅದಕ್ಕೇ ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಸಹ ನೋಡಬೇಕು. ಇನ್ನೊಂದು ಗೋಜಲಿದೆ. ಕಬ್ಬಿಣ ಕಡಿಮೆ ಇದ್ದಾಗ ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) ಇರುವುದಕ್ಕಿಂತ ಜಾಸ್ತಿ ಕಾಣಬಹುದು. ಮನೆಯ ಮೀಟರ್‌ನಲ್ಲಿ ಸರಿ ಇದ್ದು ಆ ರಿಪೋರ್ಟ್ ಮಾತ್ರ ಏರಿದ್ದರೆ, ಮಾತ್ರೆ ಹೆಚ್ಚಿಸುವ ಮೊದಲು ಹಿಮೋಗ್ಲೋಬಿನ್ ನೋಡಿ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಸುಮ್ನೆ ಟಾನಿಕ್ ಕೊಟ್ಟು ಕಳಿಸುವುದು ಸರಿಯಲ್ಲ. ಕಬ್ಬಿಣ ಎಲ್ಲಿ ಹೋಯಿತು ಎಂದು ಬಾಯಿಯ ಕಡೆಯಿಂದಲೂ ಗುದದ ಕಡೆಯಿಂದಲೂ ಕ್ಯಾಮೆರಾ ಬಿಟ್ಟು ನೋಡಬೇಕು.

ಪೈಲ್ಸ್ ಬಗ್ಗೆಯೂ ಒಂದು ಮಾತು. ಬಸ್ ಸ್ಟ್ಯಾಂಡಿನ ಗೋಡೆ ತುಂಬ ಮೂಲವ್ಯಾಧಿ ಚಿಕಿತ್ಸೆಯ ಪೋಸ್ಟರ್‌ಗಳು. ಅಲ್ಲಿಗೆ ಹೋದವರಲ್ಲಿ ಎಷ್ಟೋ ಜನರಿಗೆ ಒಮ್ಮೆಯೂ ಗುದದ್ವಾರ ಪರೀಕ್ಷೆ ಆಗಿರುವುದಿಲ್ಲ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಗುದನಾಳದಲ್ಲೇ ಬರುವುದು ಹೆಚ್ಚು, ಚಿಕ್ಕ ವಯಸ್ಸಿನವರೂ ಕಡಿಮೆಯಿಲ್ಲ. ಕೈಗವಸು ಹಾಕಿದ ಒಂದು ಬೆರಳಿಗೇ ಸಿಗುವ ಗಡ್ಡೆಗೆ ತಿಂಗಳುಗಟ್ಟಲೆ ಮುಲಾಮು ಹಚ್ಚಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಕಣ್ಣಿಗೆ ಕಾಣುವಂತೆ ರಕ್ತ ಬರುತ್ತಿದ್ದರೆ ಫಿಟ್ ನೆಗೆಟಿವ್ ಇದೆ ಎಂದು ಕೂರಬೇಡಿ. ವೈದ್ಯರಿಗೆ ತೋರಿಸಿ.

ಕೊಲೊನೋಸ್ಕೋಪಿ ನಿಗದಿಯಾದರೆ ಶುಗರ್ ಇರುವವರು ಹಿಂದಿನ ವಾರದಿಂದಲೇ ಯೋಚಿಸಬೇಕು. ಪರೀಕ್ಷೆಗೆ ಮೊದಲು ಕರುಳು ಖಾಲಿಯಾಗಿ ಕ್ಲೀನ್ ಆಗಿರಬೇಕು. ಆದರೆ ಅವರಲ್ಲಿ ಹಲವರ ಕರುಳು ನಿಧಾನ. ಹಾಗಾಗಿ ಕ್ಲೀನ್ ಆಗುವುದೂ ನಿಧಾನ. ಮಲ ಉಳಿದರೆ ಅದರಡಿ ಪಾಲಿಪ್ ಅಡಗುತ್ತದೆ. ಎರಡು ಮೂರು ದಿನ ರಾಗಿ ಮುದ್ದೆ, ಸೊಪ್ಪು, ಕಾಳು, ಸೀಬೆಹಣ್ಣು ಬಿಡಿ. ಬಿಳಿ ಅನ್ನ, ಮೊಸರನ್ನ, ಇಡ್ಲಿ ಸಾಕು. ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಬೇಕು, ಅದು ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುತ್ತದೆ. ಕರುಳು ಕ್ಲೀನ್ ಮಾಡಲು ಕೊಡುವ ಭೇದಿ ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಯ ದಿನ ಬೆಳಗಿನ ಜಾವ ಕುಡಿದರೆ ಚೆನ್ನಾಗಿ ಕ್ಲೀನ್ ಆಗುತ್ತದೆ.

ಹಿಂದಿನ ದಿನ ತಿಳಿ ದ್ರವಗಳು ಮಾತ್ರ. ಸೋಸಿದ ತಿಳಿಸಾರು, ಗಂಜಿ ತಿಳಿ, ನಿಂಬೆ ಶರಬತ್ತು. ಮಜ್ಜಿಗೆ, ಹಾಲು ಬೇಡ. ಎಳನೀರು ಒಳ್ಳೆಯದೇ, ಆದರೆ ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಕುಡಿಯಬಾರದು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಅಂದು ಹೆದರಬೇಕಾದ್ದು ಶುಗರ್ ಏರುವುದಕ್ಕಲ್ಲ, ಇಳಿಯುವುದಕ್ಕೆ. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಕುಸಿಯುತ್ತದೆ. ಮೀಟರ್ ಪಕ್ಕದಲ್ಲಿರಲಿ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ.

ಮಾತ್ರೆ, ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕೆಂದು ಶುಗರ್ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಮರೆತುಹೋಗುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳ ಬಗ್ಗೆ ಬಿಡದೆ ಕೇಳಿ. ಉಪವಾಸದಲ್ಲಿ ಇವು ದೇಹದಲ್ಲಿ ಆಮ್ಲ ಏರಿಸಬಹುದು, ಮೀಟರ್‌ನಲ್ಲಿ ಶುಗರ್ ಮಾತ್ರ ಹೆಚ್ಚೇನೂ ಇರುವುದಿಲ್ಲ. ಸಾಮಾನ್ಯವಾಗಿ ಮೂರು ದಿನ ಮೊದಲು ನಿಲ್ಲಿಸುತ್ತಾರೆ. ಟೈಪ್ 1 ಇರುವವರು ದಿನದ ಮೂಲ ಇನ್ಸುಲಿನ್ ಪೂರ್ತಿ ಬಿಡುವಂತೆಯೇ ಇಲ್ಲ. ಬೆಳಗಿನ ಮೊದಲ ಸ್ಲಾಟ್ ಕೇಳಿ, ಕೊಡುತ್ತಾರೆ. ಮುಗಿದ ಮೇಲೆ ಮಾಮೂಲಿ ಊಟ, ನೀರು ಸೇರತೊಡಗಿದಾಗ ಮಾತ್ರೆಗಳು ವಾಪಸ್ಸು ಶುರು. ಪಾಲಿಪ್ ತೆಗೆದಿದ್ದರೆ ರಕ್ತ ತೆಳು ಮಾಡುವ ಮಾತ್ರೆ ಎಂದಿನಿಂದ ಎಂದು ಕೇಳಿಕೊಂಡೇ ಮನೆಗೆ ಹೊರಡಿ.