ಎನ್‌ಕ್ವೈರಿ ಬೇಸ್ಡ್ ಲರ್ನಿಂಗ್ ಅಂದ್ರೇನು: ಒಂದು ಬಕೆಟ್, ಎರಡು ಡಬ್ಬ, ಕೊಡಗಿನ ಮಳೆ

ಟೀಚರ್ಸ್ ಟ್ರೈನಿಂಗಲ್ಲಿ, ಪ್ರೈವೇಟ್ ಸ್ಕೂಲ್ ಅಡ್ಮಿಷನ್ ಪಾಂಪ್ಲೆಟಲ್ಲಿ, ಹೊಸ ಶಿಕ್ಷಣ ನೀತಿ ಬಗ್ಗೆ ಮಾತು ಬಂದಾಗ, ಎಲ್ಲಾ ಕಡೆ ಈಗ ಈ ಪದ ಕಿವಿಗೆ ಬೀಳುತ್ತೆ, ಎನ್‌ಕ್ವೈರಿ ಬೇಸ್ಡ್ ಲರ್ನಿಂಗ್ ಅಂತ. ಕನ್ನಡದಲ್ಲಿ ಅನ್ವೇಷಣಾ ಕಲಿಕೆ ಅಂತಾರೆ, ವಿಚಾರಣಾ ಆಧಾರಿತ ಕಲಿಕೆ ಅಂತಾನೂ ಬರೀತಾರೆ. ಎರಡನೇದು ನನಗೆ ಅಷ್ಟು ಹಿಡಿಸಲ್ಲ, ವಿಚಾರಣೆ ಅಂದ ತಕ್ಷಣ ಪೊಲೀಸ್ ಸ್ಟೇಷನ್ನು ಕೋರ್ಟು ನೆನಪಿಗೆ ಬರುತ್ತೆ, ಒಬ್ಬರು ಕೇಳ್ತಾರೆ ಇನ್ನೊಬ್ಬರು ತಲೆ ತಗ್ಗಿಸ್ಕೊಂಡು ಉತ್ತರ ಕೊಡ್ತಾರೆ. ನಮ್ಮ ಕ್ಲಾಸ್‌ಗಳಲ್ಲಿ ಇಷ್ಟು ವರ್ಷ ನಡ್ಕೊಂಡು ಬಂದಿರೋದೂ ಹೆಚ್ಚು ಕಮ್ಮಿ ಅದೇ. "ಮಡಿಕೇರಿ ಬಸ್ ಎಷ್ಟೊತ್ತಿಗೆ ಅಂತ ಒಂಚೂರು ವಿಚಾರಿಸ್ಕೊಂಡು ಬಾ" ಅಂತೀವಲ್ಲ, ಆ ವಿಚಾರಿಸೋದು ಈ ಪದಕ್ಕೆ ಹತ್ರ. ಗೊತ್ತಿಲ್ಲ, ಗೊತ್ತು ಮಾಡ್ಕೋಬೇಕು ಅನ್ನೋ ಆಸೆ ಇದೆ, ಎದ್ದು ಹೋಗಿ ಗೊತ್ತು ಮಾಡ್ಕೊಂಡು ಬರೋದು. ಪ್ರಶ್ನೆ ಮಗುದು, ಉತ್ತರಕ್ಕೆ ಬೇಕಾದ ಸಾಕ್ಷಿ ಹುಡುಕೋದೂ ಮಗುನೇ, ಆ ಹುಡುಕಾಟ ಕೈ ತಪ್ಪಿ ಹೋಗದ ಹಾಗೆ ನೋಡ್ಕೊಳ್ಳೋದು ಟೀಚರ್ ಕೆಲಸ.

ಚಿಕ್ಕ ಮಕ್ಕಳಿಂದ ಶುರು ಮಾಡ್ತೀನಿ. ತೋಟದ ದಾರಿ ಬದಿಯಲ್ಲೆಲ್ಲ ಮುಟ್ಟಿದರೆ ಮುನಿ ಗಿಡ ಬೆಳ್ದಿರುತ್ತೆ, ಅಂಗನವಾಡಿ ಮಗು ಒಂದ್ಸಲ ಮುಟ್ಟಿ ನೋಡ್ತು ಅಂದ್ರೆ ಮುಗೀತು, ಅಲ್ಲಿಂದ ಏಳಲ್ಲ. "ಯಾಕೆ ಮುಚ್ಕೊಳ್ಳುತ್ತೆ?" ಅಂತ ಕೇಳುತ್ತೆ. ಎಲೆ ಬುಡದಲ್ಲಿರೋ ಜೀವಕೋಶಗಳಿಂದ ನೀರು ಹೊರಗೆ ಹೋಗಿ ಎಲೆ ಕುಸಿಯುತ್ತೆ ಅನ್ನೋದು ಸರಿಯಾದ ಉತ್ತರ, ಆದ್ರೆ ನಾಲ್ಕು ವರ್ಷದ ಮಗುಗೆ ಅದರಿಂದ ಏನೂ ಸಿಗಲ್ಲ. ಅದರ ಬದಲು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು "ಊದಿದ್ರೂ ಮುಚ್ಕೊಳ್ಳುತ್ತಾ?" ಅಂತ ಕೇಳಿ ನೋಡಿ. ಊದುತ್ತೆ. ಆಮೇಲೆ ಕಡ್ಡಿಯಲ್ಲಿ ಮುಟ್ಟುತ್ತೆ, ನೀರು ಹನಿಸುತ್ತೆ, ಮುಚ್ಚಿರೋ ಎಲೆ ಮತ್ತೆ ಯಾವಾಗ ಬಿಚ್ಕೊಳ್ಳುತ್ತೆ ಅಂತ ಕಾಯುತ್ತೆ. "ಯಾಕೆ" ಅನ್ನೋ ಪ್ರಶ್ನೆನ "ಹಿಂಗೆ ಮಾಡಿದ್ರೆ ಏನಾಗುತ್ತೆ" ಅನ್ನೋ ಪ್ರಶ್ನೆ ಮಾಡಿ ಮಗು ಕೈಗೇ ವಾಪಸ್ ಕೊಡೋದು, ನನ್ನ ಪ್ರಕಾರ ಇಡೀ ವಿಷಯದ ಜೀವ ಇರೋದು ಇಲ್ಲೇ. ಮಗುನ ಕೈ, ಕಣ್ಣು, ಮೂಗಿಗೆ ಎಟುಕೋ ಪ್ರಶ್ನೆ ಆಗಿರಬೇಕು.

ಇನ್ನು ಸ್ವಲ್ಪ ದೊಡ್ಡ ಮಕ್ಕಳು. ನಾನು ಪಾಠ ಮಾಡೋ ಕಡೆ ನಾಲ್ಕನೇ ಐದನೇ ಕ್ಲಾಸ್ ಒಟ್ಟಿಗೇ ಕೂರುತ್ತೆ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದು "ಟೀಚರೇ, ನಮ್ಮ ಅಜ್ಜ ನಿನ್ನೆ 4 ಇಂಚು ಮಳೆ ಅಂತ ಹೇಳ್ತಿದ್ರು, ನೀರನ್ನ ಲೀಟರಲ್ಲಿ ಅಲ್ವಾ ಅಳೆಯೋದು, ಮಳೆನ ಹೆಂಗೆ ಇಂಚಲ್ಲಿ ಅಳೀತಾರೆ?" ಅಂದ. ಕೊಡಗಲ್ಲಿ ಕಾಫಿ ತೋಟ ಇರೋರ ಮನೇಲಿ ಮಳೆ ಮಾಪಕ ಇರೋದು, ಬೆಳಿಗ್ಗೆ ಎದ್ದು ಇಂಚು ಸೆಂಟ್ ಲೆಕ್ಕದಲ್ಲಿ ಬರೆದಿಡೋದು ಮಾಮೂಲಿ, 100 ಸೆಂಟ್ ಅಂದ್ರೆ 1 ಇಂಚು, ಫೋನ್ ಮಾಡಿದ್ರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟಾಯ್ತು" ಅಂತ. ಹುಡುಗ ಹುಟ್ಟಿದಾಗಿಂದ ಕೇಳ್ತಾ ಬಂದಿದ್ದ ಮಾತು ಅದು, ಅವತ್ತು ಅವನಿಗೆ ಅದು ವಿಚಿತ್ರ ಅನ್ನಿಸ್ತು. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು, ನುಂಗ್ಕೊಂಡು "ನೀನಾಗಿದ್ರೆ ಹೆಂಗೆ ಅಳೀತಿದ್ದೆ?" ಅಂದೆ.

ಮಕ್ಕಳು ಅಂಗಳದಲ್ಲಿ ಮೂರು ಪಾತ್ರೆ ಇಟ್ರು, ಒಂದು ಬಕೆಟ್, ಒಂದು ಅಗಲದ ಬಿಸ್ಕೆಟ್ ಡಬ್ಬ, ಒಂದು ಸಣ್ಣ ಹಾಲಿನ ಪುಡಿ ಡಬ್ಬ. ಇಡೋಕೆ ಮುಂಚೆ ಎಲ್ರ ಕೈಲೂ ಊಹೆ ಬರೆಸಿದೆ (ಇದನ್ನ ಮಾತ್ರ ಬಿಡಬೇಡಿ, ಊಹೆ ಬರೆದಿಲ್ಲ ಅಂದ್ರೆ ಆಮೇಲೆ ಎಲ್ರೂ "ನಂಗೆ ಮೊದಲೇ ಗೊತ್ತಿತ್ತು" ಅಂತಾರೆ). ಬಕೆಟಲ್ಲಿ ಜಾಸ್ತಿ, ಸಣ್ಣ ಡಬ್ಬದಲ್ಲಿ ಕಮ್ಮಿ ಅಂತ ಎಲ್ರೂ ಬರೆದ್ರು. ಬೆಳಿಗ್ಗೆ ಸ್ಕೇಲ್ ಅದ್ದಿ ನೋಡಿದ್ರೆ ಬಕೆಟಲ್ಲಿ ನೀರು ಎತ್ತರ ನಿಂತಿದೆ ಸರಿ, ಆದ್ರೆ ಅಗಲದ ಡಬ್ಬದಲ್ಲೂ ಸಣ್ಣ ಡಬ್ಬದಲ್ಲೂ ಒಂದೇ ಎತ್ತರ! ಒಬ್ಬಳು ಹುಡುಗಿ ಒಪ್ಪಲೇ ಇಲ್ಲ, ಸಣ್ಣ ಡಬ್ಬ ಮಾಡಿನ ಹತ್ರ ಇತ್ತು, ಹೆಂಚಿನ ನೀರು ಬಿದ್ದಿರುತ್ತೆ ಅಂದ್ಲು. ಎಷ್ಟು ಚೆನ್ನಾಗಿರೋ ಅನುಮಾನ ನೋಡಿ. ಮಾರನೇ ದಿನ ಜಾಗ ಬದಲಾಯಿಸಿ ಇಟ್ರು, ಮತ್ತೆ ಎರಡೂ ಸಮ. ಇನ್ನೊಬ್ಬ ಸ್ಕೇಲನ್ನ ಮೂಗಿನ ಹತ್ರ ಹಿಡಿದು ನೋಡ್ತಾ, ಸೊನ್ನೆ ಗೆರೆ ತುದಿಯಿಂದ ಸ್ವಲ್ಪ ಮೇಲಿದೆ, ಹಂಗಾದ್ರೆ ನಾವು ಅಳೆದಿದ್ದೆಲ್ಲ ಅಷ್ಟಷ್ಟು ಕಮ್ಮಿ ಬಂದಿದೆ ಅಂತ ಕಂಡುಹಿಡಿದ. ಬಕೆಟ್ ಗುಟ್ಟು ಹೊರಗೆ ಬಂದಿದ್ದು ನಾಲ್ಕನೇ ದಿನ, ಒಬ್ಬ ಖಾಲಿ ಬಕೆಟ್ ಒಳಗೆ ಎರಡೂ ಕೈ ಇಳಿಸಿ ಸವರ್ತಾ ಇದ್ದೋನು "ಇದು ಮೇಲೆ ಅಗಲ ಕೆಳಗೆ ಸಣ್ಣ" ಅಂತ ಕೂಗಿದ. ಅಗಲ ಬಾಯಿಗೆ ಬಿದ್ದ ಮಳೆ ಸಣ್ಣ ತಳದಲ್ಲಿ ನಿಂತ್ರೆ ಎತ್ತರ ಜಾಸ್ತಿ ಆಗಲೇಬೇಕು, ಬಾಯಿ ತಳ ಎರಡೂ ಒಂದೇ ಅಗಲ ಇರೋ ಡಬ್ಬದಲ್ಲಿ ಆ ಅಗಲ ಎಷ್ಟೇ ಇರಲಿ ಎತ್ತರ ಬದಲಾಗಲ್ಲ, ಅದಕ್ಕೇ ಮಳೆನ ಇಂಚಲ್ಲಿ ಹೇಳಬಹುದು. ಬೋರ್ಡ್ ಮೇಲೆ ಹೇಳಿದ್ರೆ ಐದು ನಿಮಿಷದ ಪಾಠ, ನಾಲ್ಕು ದಿನ ಹಿಡೀತು, ನನಗೆ ಒಂದು ದಿನವೂ ದಂಡ ಅನ್ನಿಸಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. ಅಮೆರಿಕಾದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೋ ಯೂನಿವರ್ಸಿಟಿಯಲ್ಲಿ ಒಂದು ಪ್ರಯೋಗ ಶಾಲೆ ಶುರು ಮಾಡಿ, ಮಕ್ಕಳು ಅಡುಗೆ, ನೇಯ್ಗೆ, ಮರಗೆಲಸ ಮಾಡ್ತಾ ಯೋಚಿಸೋದು ಕಲೀಬೇಕು ಅಂದ್ರು. ನಮ್ಮ ದೇಶದಲ್ಲಿ ನನಗೆ ತುಂಬಾ ಇಷ್ಟ ಆಗೋದು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ, 1972ರಲ್ಲಿ 16 ಮಿಡಲ್ ಸ್ಕೂಲಲ್ಲಿ ಶುರುವಾಗಿ 2002ರ ತನಕ ನಡೀತು, ಹಳ್ಳಿ ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿತ್ರು, ಪರೀಕ್ಷೆಗೆ ಪುಸ್ತಕ ತಗೊಂಡು ಹೋಗಬಹುದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಚಿಕ್ಕ ಮಕ್ಕಳ ಕಲಿಕೆ ಆಟ, ಚಟುವಟಿಕೆ ಮತ್ತು ಈ ಎನ್‌ಕ್ವೈರಿ ಮೇಲೆ ನಿಲ್ಲಬೇಕು ಅಂತ ಬಾಯಿ ಬಿಟ್ಟೇ ಹೇಳಿದೆ.

ಹಂತಗಳೂ ಇವೆ. 2008ರಲ್ಲಿ ಬಾಂಚಿ ಮತ್ತು ಬೆಲ್ ಅನ್ನೋ ಶಿಕ್ಷಣ ಸಂಶೋಧಕರು ನಾಲ್ಕು ಮಾಡಿದ್ರು: ಉತ್ತರ ಮೊದಲೇ ಗೊತ್ತಿದ್ದು ಮಾಡಿ ನೋಡೋದು, ಪ್ರಶ್ನೆ ಮತ್ತು ವಿಧಾನ ಎರಡನ್ನೂ ಟೀಚರ್ ಕೊಡೋದು, ಪ್ರಶ್ನೆ ಮಾತ್ರ ಕೊಟ್ಟು ವಿಧಾನ ಮಕ್ಕಳಿಗೇ ಬಿಡೋದು, ಕೊನೇದು ಪ್ರಶ್ನೆನೂ ಮಕ್ಕಳದ್ದೇ. ಹೊಸದಾಗಿ ಶುರು ಮಾಡೋರು ನಾಲ್ಕನೇದಕ್ಕೆ ಒಂದೇ ಸಲ ಹಾರಬೇಡಿ, ಮಕ್ಕಳೂ ಕಂಗಾಲು ನೀವೂ ಕಂಗಾಲು.

ಇದನ್ನ ಬರೀ ಚಟುವಟಿಕೆ ಜೊತೆ ಕಲಸಿಬಿಡ್ತಾರೆ. ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿ ಒಳ್ಳೆ ಪದ್ಧತಿ, ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತೆ, ಆದ್ರೆ ಆ ಏಣಿಯ ಮೆಟ್ಟಿಲು ಮೊದಲೇ ಹಾಕಿರೋದು. ಎಲೆ ಅಂಟಿಸಿ ಬಣ್ಣ ಹಚ್ಚಿಸಿದ್ರೆ ಅದು ಚಟುವಟಿಕೆ ಆಯ್ತು, ಅನ್ವೇಷಣೆ ಆಗಲಿಲ್ಲ. ಮಗುಗೆ ನಿಜವಾಗ್ಲೂ ಗೊತ್ತಿಲ್ಲದ ಒಂದು ಸಂಗತಿ ಇರಬೇಕು, ಅದು ಹಿಂಗೂ ಆಗಬಹುದು ಹಂಗೂ ಆಗಬಹುದು ಅನ್ನೋ ತವಕ ಇರಬೇಕು.

ಪೋಷಕರು ಬಂದು "ಟೀಚರೇ, ಮಗು ಡಬ್ಬ ಅಳ್ಕೊಂಡು ಕೂತ್ರೆ ಕಾಗುಣಿತ ಯಾವಾಗ ಕಲಿಯೋದು?" ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. "ಕ" ಅಕ್ಷರನ ಕ ಅಂತ ಓದಬೇಕು ಅನ್ನೋದು ಜನ ಮಾಡ್ಕೊಂಡಿರೋ ಒಪ್ಪಂದ, ಅದನ್ನ ಯಾವ ಮಗುನೂ ಅಂಗಳದಲ್ಲಿ ಹುಡುಕಿ ತೆಗೆಯೋಕಾಗಲ್ಲ, ಬಾಯಿ ಬಿಟ್ಟು ಹೇಳಿಕೊಡಬೇಕು, ತಿದ್ದಿಸಬೇಕು. 100 ಸೆಂಟಿಗೆ 1 ಇಂಚು ಅಂತ ನಾನೂ ಹೇಳಿಯೇ ಕೊಟ್ಟೆ. 2006ರಲ್ಲಿ ಕಿರ್ಶ್‌ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನೋ ಮೂವರು ಸಂಶೋಧಕರು, ಮಾರ್ಗದರ್ಶನ ತೀರಾ ಕಮ್ಮಿ ಆದ್ರೆ ಹೊಸದಾಗಿ ಕಲಿಯೋರ ತಲೆ ಮೇಲೆ ಹೊರೆ ಬೀಳುತ್ತೆ ಕಲಿಕೆ ಆಗಲ್ಲ ಅಂತ ಗಟ್ಟಿಯಾಗಿ ವಾದ ಮಾಡಿದ್ರು, ಆ ಮಾತನ್ನ ನಾನು ತಳ್ಳಿ ಹಾಕಲ್ಲ. ಮಕ್ಕಳನ್ನ ಅವರ ಪಾಡಿಗೆ ಬಿಟ್ಟು ಟೀಚರ್ ಸುಮ್ನೆ ಕೂರೋದು ಈ ಪದದ ಅರ್ಥ ಅಲ್ವೇ ಅಲ್ಲ.

ಇನ್ನೊಂದು ಮಾತು, ಇದು ಕೊಡಗಿಗೆ ತುಂಬಾ ಮುಖ್ಯ ಅನ್ನಿಸುತ್ತೆ. ನಮ್ಮ ಒಂದೇ ಬೆಂಚಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ಯರವ ಮಾತಾಡೋ ಮಕ್ಕಳು ಕೂತಿರ್ತಾರೆ. ಪಾಠದ ಕನ್ನಡದಲ್ಲಿ ಬಾಯೇ ಬಿಡದ, ತೋಟದ ಕೆಲಸದವರ ಲೈನ್ ಮನೆ ಹುಡುಗಿ, ಯಾವ ಹುಳ ಎಲ್ಲಿ ಸಿಗುತ್ತೆ, ಯಾವ ಇರುವೆ ಮೊಟ್ಟೆ ಹೊತ್ಕೊಂಡು ಹೊರಟಿದೆ ಅಂತ ಎಲ್ಲ ಬಲ್ಲೋಳು. ಪ್ರಶ್ನೆ ಅವಳ ಮನೆ ಮಾತಲ್ಲೇ ಬರಲಿ, ಪಕ್ಕದವರು ಕನ್ನಡಕ್ಕೆ ತರ್ತಾರೆ, ಕೊನೆಗೆ ನೋಟ್ಸಲ್ಲಿ ಕನ್ನಡದಲ್ಲಿ ಬರೆಸಿದ್ರಾಯ್ತು.

ಡಬ್ಬಗಳು ಈಗಲೂ ಅಂಗಳದಲ್ಲೇ ಇವೆ, ಈ ವರ್ಷದ ಪ್ರಶ್ನೆ ಬೇರೆ: ಮಳೆ ಹಗಲು ಜಾಸ್ತಿನಾ ರಾತ್ರಿ ಜಾಸ್ತಿನಾ. ಬೆಳಿಗ್ಗೆ 10ಕ್ಕೆ ಒಂದ್ಸಲ, ಸಂಜೆ 4ಕ್ಕೆ ಒಂದ್ಸಲ ಅಳೆದು ರಾತ್ರಿನೇ ಗೆದ್ದಿತು ಅಂತ ಬರೆದಿದ್ರು, ಮೊನ್ನೆ ಒಬ್ಬಳು ಬೆರಳು ಮಡಚಿ ಎಣಿಸಿ, ಹಗಲಿಗೆ 6 ಗಂಟೆ ರಾತ್ರಿಗೆ 18 ಗಂಟೆ ಕೊಟ್ಟಿದೀವಿ ಇದು ಮೋಸ ಅಂದ್ಲು. ಸ್ಕೂಲ್ ಹತ್ರ ಮನೆ ಇರೋ ಇಬ್ಬರು ಬೆಳಿಗ್ಗೆ 6ಕ್ಕೂ ಸಂಜೆ 6ಕ್ಕೂ ಬಂದು ನೋಡ್ತೀವಿ ಅಂದಿದ್ದಾರೆ, ನಾಳೆಯಿಂದ ಶುರು.