ಆಪ್‌ಲಾಕ್ ಅಂದರೇನು, ಸಾಂಬಾದಲ್ಲಿ ಅದನ್ನು ಎಲ್ಲಿ ಆಫ್ ಮಾಡಬೇಕು?

ಲಿನಕ್ಸ್‌ನಂಥ ಸರ್ವರಿನ ಫೋಲ್ಡರುಗಳನ್ನು ವಿಂಡೋಸ್ ಕಂಪ್ಯೂಟರುಗಳಿಗೆ ಹಂಚುವ ಸಾಫ್ಟ್‌ವೇರ್ ಸಾಂಬಾ. ಅಂಥ ಸರ್ವರ್ ನೋಡಿಕೊಳ್ಳುವವರಿಗೆ ಆಪ್‌ಲಾಕ್ ಅನ್ನೋ ಸೆಟ್ಟಿಂಗ್ ಒಂದಲ್ಲ ಒಂದು ದಿನ ಎದುರಾಗುತ್ತದೆ. ಪೂರ್ತಿ ಹೆಸರು ಆಪರ್ಚುನಿಸ್ಟಿಕ್ ಲಾಕ್. ನೀವು ತೆರೆದ ಫೈಲನ್ನು ಬೇರೆ ಯಾರೂ ತೆರೆದಿಲ್ಲ ಅಂತಿಟ್ಟುಕೊಳ್ಳಿ. ಆಗ ಅದನ್ನು ನಿಮ್ಮ ಕಂಪ್ಯೂಟರಿನಲ್ಲೇ ಕ್ಯಾಶ್ ಮಾಡಿಕೊಳ್ಳಲು, ಅಂದರೆ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು, ಸರ್ವರ್ ಅನುಮತಿ ಕೊಡುತ್ತದೆ. ಓದೋದು, ಬರೆಯೋದು ಎರಡೂ ಅಲ್ಲೇ ನಡೆಯುತ್ತದೆ, ಪ್ರತಿ ಸಲ ನೆಟ್‌ವರ್ಕ್ ದಾಟಬೇಕಿಲ್ಲ, ಹಾಗಾಗಿ ವೇಗ ಜಾಸ್ತಿ.

ಅಷ್ಟರಲ್ಲಿ ಇನ್ನೊಬ್ಬರು ಅದೇ ಫೈಲ್ ತೆರೆಯಲು ಬಂದರು ಅನ್ನಿ. ಸರ್ವರ್ ಅವರನ್ನು ಕಾಯಿಸಿ, ನಿಮ್ಮ ಕಂಪ್ಯೂಟರಿಗೆ ಆಪ್‌ಲಾಕ್ ಬ್ರೇಕ್ ಅನ್ನೋ ಸಂದೇಶ ಕಳಿಸುತ್ತದೆ. ನಿಮ್ಮ ಕಂಪ್ಯೂಟರ್ ತನ್ನಲ್ಲಿ ಉಳಿದಿದ್ದ ಬದಲಾವಣೆಗಳನ್ನೆಲ್ಲ ಸರ್ವರಿಗೆ ಬರೆದು, ಆಯ್ತು ಅಂತ ಉತ್ತರಿಸಿದ ಮೇಲೇ ಅವರಿಗೆ ಫೈಲ್ ಸಿಗುವುದು. ಆಮೇಲೆ ಓದುವುದಕ್ಕೆ ಮಾತ್ರ ಕ್ಯಾಶ್ ಉಳಿಯಬಹುದು, ಅದೇ ಲೆವೆಲ್ 2 ಆಪ್‌ಲಾಕ್. ಸಾಂಬಾ ಫೈಲ್ ಹಂಚಲು ಬಳಸುವ ಎಸ್‌ಎಂಬಿ ಪ್ರೋಟೋಕಾಲ್‌ನಲ್ಲಿ, 2.1ನೇ ಆವೃತ್ತಿಯಿಂದ ಈಚೆಗೆ, ಇದೇ ಕೆಲಸಕ್ಕೆ ಲೀಸ್ ಅನ್ನೋ ಸುಧಾರಿತ ರೂಪವೂ ಇದೆ.

ತೊಂದರೆ ಆಗೋದು ಹಲವರು ಒಟ್ಟಿಗೆ ಬರೆಯುವ ಫೈಲ್‌ಗಳಲ್ಲಿ. ಮೈಕ್ರೋಸಾಫ್ಟ್ ಆಕ್ಸೆಸ್‌ನ ಎಂಡಿಬಿ ಡೇಟಾಬೇಸ್ ಫೈಲನ್ನೇ ತಗೊಳ್ಳಿ. ಬ್ರೇಕ್ ಮೇಲೆ ಬ್ರೇಕ್, ಎಲ್ಲರಿಗೂ ಕಾಯುವ ಕೆಲಸ. ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಸರ್ವರಿಗೆ ಇನ್ನೂ ಹೋಗದ ಡೇಟಾ ಅಲ್ಲಿಗೇ ಹೋಯಿತು, ಡೇಟಾಬೇಸ್ ಕೆಟ್ಟರೂ ಕೆಟ್ಟಿತು.

ಅದಕ್ಕೆ ಹೆದರಿ, ಸಾಂಬಾದ ಸೆಟ್ಟಿಂಗ್ ಫೈಲಾದ smb.confನಲ್ಲಿ ಇಡೀ ಶೇರ್‌ಗೆ (ಹಂಚಿದ ಫೋಲ್ಡರಿಗೆ) 'ಆಪ್‌ಲಾಕ್ಸ್ = ನೋ' ಹಾಕಬೇಡಿ. ಸುಮ್ನೆ ಎಲ್ಲರ ಕೆಲಸವೂ ನಿಧಾನವಾಗುತ್ತದೆ. 'ವೀಟೊ ಆಪ್‌ಲಾಕ್ ಫೈಲ್ಸ್' ಅನ್ನೋ ಸಾಲು ಇರೋದೇ ಇದಕ್ಕೆ: ಎಂಡಿಬಿಯಂಥ ಎಕ್ಸ್‌ಟೆನ್ಶನ್‌ಗಳನ್ನು ಸ್ಲ್ಯಾಶ್‌ಗಳ ನಡುವೆ /*.mdb/ ಅಂತ ಬರೆದರೆ ಅಷ್ಟಕ್ಕೆ ಮಾತ್ರ ಆಪ್‌ಲಾಕ್ ಸಿಗುವುದಿಲ್ಲ. ಬರೆದಾದ ಮೇಲೆ ಸೆಟ್ಟಿಂಗ್ ಫೈಲ್ ಪರೀಕ್ಷಿಸುವ ಟೆಸ್ಟ್‌ಪಾರ್ಮ್ ಕಮಾಂಡ್ ಓಡಿಸಿ ತಪ್ಪಿದೆಯಾ ನೋಡಿ. ಫೈಲ್ ತೆರೆದಿರುವಾಗ ಎಸ್‌ಎಂಬಿಸ್ಟೇಟಸ್ ಕಮಾಂಡ್ ಕೊಟ್ಟರೆ, ಅದರ ಆಪ್‌ಲಾಕ್ ಕಾಲಮ್ಮಿನಲ್ಲಿ 'ನನ್' (NONE) ಅಂತ ಬರಬೇಕು.

ಅದೇ ಫೋಲ್ಡರನ್ನು ಎನ್‌ಎಫ್‌ಎಸ್ (ಲಿನಕ್ಸ್, ಯುನಿಕ್ಸ್ ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಇನ್ನೊಂದು ವಿಧಾನ) ಮೂಲಕವೂ ಹಂಚಿದ್ದರೆ ಇನ್ನೊಂದು ವಿಷಯ ಇದೆ. ಆ ಕಡೆಯಿಂದ ಯಾರು ಫೈಲ್ ತೆರೆದರು ಅನ್ನೋದು ಸಾಂಬಾಗೆ ತಾನಾಗಿ ಗೊತ್ತಾಗುವುದಿಲ್ಲ. ಲಿನಕ್ಸ್‌ನಲ್ಲಾದರೆ 'ಕರ್ನಲ್ ಆಪ್‌ಲಾಕ್ಸ್ = ಯೆಸ್' ಹಾಕಿದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲೇ ಸುದ್ದಿ ಮುಟ್ಟಿಸುತ್ತದೆ, ಆದರೆ ಆ ಶೇರ್‌ನಲ್ಲಿ ಲೀಸ್ ಸಿಗುವುದಿಲ್ಲ.

'ಲಾಕಿಂಗ್' ಅನ್ನೋ ಸೆಟ್ಟಿಂಗ್ ಮಾತ್ರ ಬೇರೆಯೇ, ಇದರ ಜೊತೆ ಕಲೆಸಿಕೊಳ್ಳಬೇಡಿ. ಅದನ್ನು ನೋ ಮಾಡಿದರೆ ಪ್ರೋಗ್ರಾಂಗಳು ಕೇಳಿದ ಪ್ರತಿ ಲಾಕಿಗೂ ಸರ್ವರ್ ಸಿಕ್ಕಿತು ಅಂತಲೇ ಹೇಳುತ್ತದೆ, ನಿಜಕ್ಕೂ ಯಾವ ಲಾಕೂ ಇರುವುದಿಲ್ಲ. ಜನ ಬರೆಯುವ ಫೋಲ್ಡರಿನಲ್ಲಿ ಅದನ್ನು ಮುಟ್ಟಲೇಬೇಡಿ.