ಹರ್-2 ‘ನೆಗೆಟಿವ್’ ಎಂದರೆ ಸೊನ್ನೆಯೇ?

ಸ್ತನ ಕ್ಯಾನ್ಸರ್‌ನ ಬಯಾಪ್ಸಿ ವರದಿಯಲ್ಲಿ ‘ಹರ್-2’ ಎಂಬುದರ ಮುಂದೆ 0, 1+, 2+, 3+ ಇವುಗಳಲ್ಲಿ ಒಂದು ಅಂಕ ಇರುತ್ತದೆ. ಆ ಅಂಕ ಕೊಡುವುದು ನನ್ನಂಥ ರೋಗಶಾಸ್ತ್ರಜ್ಞರ ಕೆಲಸ. ಈಚಿನ ವರ್ಷಗಳಲ್ಲಿ ಅದರ ತೂಕ ಬಹಳ ಹೆಚ್ಚಿದೆ.

ಹರ್-2 ಜೀವಕೋಶದ ಹೊರಪೊರೆಯಲ್ಲಿರುವ ಪ್ರೋಟೀನ್. ಆರೋಗ್ಯವಂತ ಕೋಶಗಳಲ್ಲೂ ಸ್ವಲ್ಪ ಇರುತ್ತದೆ. ಕೆಲವು ಗೆಡ್ಡೆಗಳಲ್ಲಿ ಅದರ ಜೀನ್‌ನ ಪ್ರತಿಗಳು ಹೆಚ್ಚಿ, ಪ್ರೋಟೀನ್ ವಿಪರೀತವಾಗಿ, ಕೋಶದ ಬೆಳವಣಿಗೆಯೆಲ್ಲ ಅದರ ಸಂಕೇತಕ್ಕೇ ಜೋತುಬೀಳುತ್ತದೆ. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮಾಬ್ ಎಂಬ ಔಷಧಿ, ಹರ್-2ಗೆ ಅಂಟಿಕೊಳ್ಳುವ ಪ್ರತಿಕಾಯ (ಆಂಟಿಬಾಡಿ), ಆ ಸಂಕೇತವನ್ನು ತಡೆಯುತ್ತದೆ, ರೋಗನಿರೋಧಕ ಕೋಶಗಳನ್ನೂ ಗೆಡ್ಡೆಯ ಮೇಲೆ ಎತ್ತಿಕಟ್ಟುತ್ತದೆ. ಆದ್ದರಿಂದ 3+ ಗೆಡ್ಡೆಯಲ್ಲಿ ಅದು ಫಲಿಸುತ್ತದೆ. 1+ ಗೆಡ್ಡೆ ಹರ್-2 ಅನ್ನು ನೆಚ್ಚಿಕೊಂಡು ಬೆಳೆಯುತ್ತಿರುವುದಿಲ್ಲ. ಅಲ್ಲಿ ತಡೆದು ಪ್ರಯೋಜನವಿಲ್ಲ. ಹೀಗಾಗಿ 0 ಮತ್ತು 1+ ಎರಡನ್ನೂ ‘ನೆಗೆಟಿವ್’ ಎಂದು ಒಟ್ಟಿಗೆ ಸೇರಿಸುವ ರೂಢಿ ಬಂತು.

ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಎಂಬ ಔಷಧಿ ಈ ಲೆಕ್ಕವನ್ನು ಬದಲಿಸಿತು. ಇದರ ಪ್ರತಿ ಪ್ರತಿಕಾಯವೂ ಸುಮಾರು 8 ಕೀಮೋ ಅಣುಗಳನ್ನು ಹೊತ್ತೊಯ್ಯುತ್ತದೆ. ಇದಕ್ಕೆ ಹರ್-2 ಕೋಶದೊಳಗೆ ಹೋಗುವ ಬಾಗಿಲು ಮಾತ್ರ. ಬಾಗಿಲುಗಳು ಕೆಲವೇ ಇದ್ದರೂ ಸಾಕು. ಒಳಗೆ ಬಿಡುಗಡೆಯಾದ ಔಷಧಿ ಪೊರೆ ದಾಟಿ, ಹರ್-2 ಇಲ್ಲದ ನೆರೆಯ ಕೋಶಗಳನ್ನೂ ಕೊಲ್ಲಬಲ್ಲದು. ಹರ್-2 ಕಡಿಮೆಯಿದ್ದು (1+, ಅಥವಾ ಜೀನ್‌ನ ಪ್ರತಿಗಳು ಹೆಚ್ಚಿಲ್ಲದ 2+), ದೇಹದಲ್ಲಿ ಹರಡಿದ್ದ ಕ್ಯಾನ್ಸರ್‌ನಲ್ಲಿ ನಡೆದ ಡೆಸ್ಟಿನಿ-ಬ್ರೆಸ್ಟ್04 ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು: ರೋಗ ಉಲ್ಬಣಿಸದೆ ಉಳಿದ ಸರಾಸರಿ (ಮಧ್ಯಾಂಕ) ಅವಧಿ ಸಾಮಾನ್ಯ ಕೀಮೋದಲ್ಲಿ 5.1 ತಿಂಗಳು, ಇದರಲ್ಲಿ 9.9 ತಿಂಗಳು. ಶ್ವಾಸಕೋಶದ ಉರಿಯೂತದಂಥ ಗಂಭೀರ ಅಡ್ಡಪರಿಣಾಮವೂ ಇದಕ್ಕಿದೆ. ಹೊಸದಾಗಿ ಕೆಮ್ಮು, ಏದುಸಿರು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಈಗ ತೊಡಕಿರುವುದು ನಮ್ಮ ಸೂಕ್ಷ್ಮದರ್ಶಕದ ಕೆಳಗೆ. ಹರ್-2 ಇರುವಲ್ಲಿ ಕಂದು ಬಣ್ಣ ಮೂಡುವಂತೆ ಅಂಗಾಂಶವನ್ನು ಪರೀಕ್ಷಿಸುತ್ತೇವೆ. 3+ ಆದರೆ ಕೋಶಗಳ ಸುತ್ತ ದಟ್ಟ ಕಂದು ಬಳೆ. ಸಣ್ಣ ಲೆನ್ಸ್‌ನಲ್ಲೇ ಎದ್ದು ಕಾಣುತ್ತದೆ. 1+ ಕಾಣಲು 40ರ ಲೆನ್ಸ್ ಬೇಕು. ಅಲ್ಲಿರುವುದು ತುಂಡುತುಂಡಾದ ಮಸುಕು ಗೆರೆ, ಅದನ್ನೇ ಇಬ್ಬರು ಅನುಭವಿಗಳು 0 ಎಂದೂ 1+ ಎಂದೂ ಓದಬಹುದು. ತೆಗೆದ ಅಂಗಾಂಶ ಒಂದು ಗಂಟೆಯೊಳಗೆ ಫಾರ್ಮಲಿನ್ (ಅಂಗಾಂಶ ಕೆಡದಂತೆ ಕಾಯುವ ದ್ರಾವಣ) ಸೇರದಿದ್ದರೆ, ಅದರಲ್ಲಿ 6ರಿಂದ 72 ಗಂಟೆ ಇರದಿದ್ದರೆ ಆ ಗೆರೆಯನ್ನು ನಂಬುವುದೇ ಕಷ್ಟ. ಶಸ್ತ್ರಚಿಕಿತ್ಸಾ ಕೊಠಡಿಯವರಲ್ಲಿ ನನ್ನ ಬೇಡಿಕೆ ಇಷ್ಟೇ: ಅಂಗಾಂಶ ತೆಗೆದ ಸಮಯ ಮತ್ತು ಫಾರ್ಮಲಿನ್‌ಗೆ ಹಾಕಿದ ಸಮಯ, ಎರಡನ್ನೂ ಬರೆದು ಕಳಿಸಿ.

ರೋಗ ಮರುಕಳಿಸಿದಾಗ ಹರ್-2 ಮಟ್ಟವೂ ಬದಲಾಗಿರಬಹುದು. ಸಾಧ್ಯವಿದ್ದರೆ ಹೊಸ ಬಯಾಪ್ಸಿ ಮಾಡಿಸುವುದು ಒಳ್ಳೆಯದು. ಹಳೆಯ ವರದಿಯಲ್ಲಿ ಬರೀ ‘ನೆಗೆಟಿವ್’ ಎಂದಿದ್ದರೆ ಅಂಕ ಎಷ್ಟಿತ್ತು ಎಂದು ಕೇಳಿ. ಪ್ಯಾರಾಫಿನ್ ಬ್ಲಾಕ್ (ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚು) ಉಳಿದಿದ್ದರೆ ಮರುಪರೀಕ್ಷೆಯೂ ಸಾಧ್ಯ.